ಚಿಕ್ಕಮ್ಮ ಸರಳಿಗೆ ಚೌಕಾಸಿ ಮಾಡಿದ್ದು

ಹಾಸಿಗೆ ಪುಕ್ಕಟೆ.
ಹಾಸಿಗೆ ಅಂದರೆ ಎರಡು ಮಂಚಗಳ ನಡುವೆ ನೆಲದ ಗಾದಿ,
ಅದಕ್ಕೂ ನಂಬರಿತ್ತು, ಮೂವತ್ತೊಂದು ಬಿ.
ಡಾಕ್ಟರು ಪುಕ್ಕಟೆ: ಮೂರು ರಾತ್ರಿ ನಿದ್ದೆಗೆಟ್ಟ ಹುಡುಗ,
ನಿಂತಲ್ಲೇ ವಡಾಪಾವ್ ತಿನ್ನುತ್ತ
ಎಕ್ಸರೇ ಕಿಟಕಿಯ ಬೆಳಕಿಗೆ ಹಿಡಿದು
ತೊಡೆಯ ಎಲುಬು ಎರಡಾದದ್ದನ್ನು ತೋರಿಸಿದ.
ರಕ್ತಕ್ಕೆ ರಕ್ತ: ನನ್ನದೊಂದು ಬಾಟಲಿ,
ಚಾಳಿನ ಪಾಂಡು ಘಾಡಿಯದು ಇನ್ನೊಂದು.
ಮಧ್ಯಾಹ್ನದ ಖಿಚಡಿಯೂ ಪುಕ್ಕಟೆ.
ಸರಳು ಮಾತ್ರ ಹೊರಗಿನಿಂದ ತರಬೇಕು, ಅಂದ.

ಯೋಜನೆ ಇದೆ, ಇಲ್ಲ ಅನ್ನಬಾರದು.
ಕೇಸರಿ ಕಾರ್ಡಿನಲ್ಲಿ ಅವಳು ಸುಗಲಾ ಭೋಗಪ್ಪ,
ಆಧಾರಿನಲ್ಲಿ ಸುಗಲಾಬಾಯಿ ತಳವಾರ.
ಕಿಟಕಿಯಾಚೆಯ ಮೇಡಂ ಎರಡನ್ನೂ ತಿರುವಿ ನೋಡಿ
ಕಾಲು ಮುರಿದದ್ದು ಇವರಲ್ಲಿ ಯಾರದು ಅಂತ ಕೇಳಿದರು.
ತಮಾಷೆಗಲ್ಲ.
ಹನ್ನೊಂದು ದಿನ ಹಿಡೀತದೆ.
ಇಟ್ಟಂಗಿ ಜೋತುಹಾಕಿ ಎಳೆದಿಟ್ಟ ಕಾಲು
ಹನ್ನೊಂದು ದಿನ ಹೇಗೆ ಎಣಿಸೀತು?

ಹೊರಗೆ ಅಂದರೆ ಎಲ್ಲಿ ಎಂದು ಹುಡುಕಬೇಕಾಗಲಿಲ್ಲ.
ಸಂಜೆ ಹೊರಗೇ ಒಳಗೆ ಬಂತು,
ಇಸ್ತ್ರಿ ಅಂಗಿ, ಕಪ್ಪು ಪೆಟ್ಟಿಗೆ.
ಗಾದಿಯ ಅಂಚಿಗೆ ಮೊಣಕಾಲೂರಿ ಬಿಚ್ಚಿದರೆ
ಸ್ಪಂಜಿನ ಗುಳಿಗಳಲ್ಲಿ ಸಾಲಾಗಿ ಹೊಳೆಯುವ ಮಾಲು:
ಇದು ಟೈಟೇನಿಯಂ, ಜರ್ಮನಿಯದು, ನಲವತ್ತೆರಡು.
ಇದು ಸ್ಟೀಲು, ದೇಶಿ, ಹದಿನೆಂಟು.

ಇಂಜೆಕ್ಷನ್ನಿನ ಮಂಪರಿನಿಂದ ಚಿಕ್ಕಮ್ಮ ಕಣ್ಣು ಬಿಟ್ಟದ್ದು ಆಗ,
ಪೆಟ್ಟಿಗೆಯ ಕೊಂಡಿ ಕಳಚಿದ ಸದ್ದಿಗೆ.
ಇಪ್ಪತ್ತಾರು ವರ್ಷ ಹೆಂಗಸರ ಡಬ್ಬಿಯಲ್ಲಿ ಬಳೆ ಮಾರಿದವಳು,
ಕುರ್ಲಾದಲ್ಲಿ ಡಬ್ಬಿ ಬದಲಿಸಲು ಓಡಿ
ಬುಟ್ಟಿ ಉಳಿಸಿಕೊಂಡು ಕಾಲು ಕೊಟ್ಟವಳು.

ಬೋಣಿ ಆಗೇತಿಲ್ಲೋ? ಅಂದಳು.
ಹುಡುಗ ತಬ್ಬಿಬ್ಬು.
ಫಿಕ್ಸ್ ರೇಟು, ಮಾವ್ಶಿ.
ಹಂಗಂತ ನಾನೂ ಅಂತೀನಿ. ದಾದರಕ್ಕ ಡಜನ್ನಿಗೆ ಅರವತ್ತು,
ಮುಲುಂಡ್ ಬರೂದ್ರಾಗ ನಲವತ್ತು.
ತೋರಿಸಲು ತಂದ ತುಂಡನ್ನು ಉಗುರಿನಿಂದ ತಟ್ಟಿ
ಕಿವಿಯ ಹತ್ತಿರ ಹಿಡಿದಳು, ಸೀಳಿದ ಗಾಜನ್ನು ಪತ್ತೆ ಹಚ್ಚುವವಳು.
ಬಿಗಿ ಆದ್ರ ವಾಪಸ್ ತಗೋತಿ?
ಗ್ಯಾರಂಟಿ?
ಲೈಫ್‌ಟೈಮ್, ಮಾವ್ಶಿ.
ಯಾರ ಲೈಫು? ಅದರದೋ, ನಂದೋ?
ಪಕ್ಕದ ಮಂಚದ ಮುದುಕಿ ನಕ್ಕಳು,
ನಕ್ಕು, ಪಕ್ಕೆಲುಬು ಹಿಡಿದುಕೊಂಡು ಅತ್ತಳು.

ಬಿಲ್ಲು ಬೇಕಾದರೆ ಹದಿನೇಳೂವರೆ. ಬೇಡಾದರೆ ಹದಿನೈದು.
ಬಿಲ್ ತಗೊಂಡು ಯಾರಿಗೆ ತೋರಿಸ್ಲಿ, ಅಂದಳು.

ಮನೆಯ ಅಟ್ಟದಲ್ಲಿ ಗಣಪತಿ ಹಬ್ಬಕ್ಕೆಂದು ಕೂಡಿಟ್ಟ ಬಳೆಗಳು.
ಎರಡು ಗೋಣಿಚೀಲ, ಟ್ಯಾಕ್ಸಿಯ ಮಡಿಲಲ್ಲಿ
ಪ್ರತಿ ಗುಂಡಿಗೂ ಝಲ್ಲೆನ್ನುತ್ತ ಭುಲೇಶ್ವರಕ್ಕೆ ಹೋದವು.
ಕೊಟ್ಟ ಸೇಠನೇ ಅರ್ಧ ಬೆಲೆಗೆ ತಿರುಗಿ ತಗೊಂಡ,
ಒಡೆದದ್ದನ್ನು ಬೇರೆ ಎಣಿಸಿದ.
ಆರುನೂರು ಡಜನ್ ಗಾಜು ಕೊಟ್ಟು
ಒಂದೂವರೆ ಗೇಣು ಉಕ್ಕು ತಂದೆ,
ಕಡಿಮೆ ಬಿದ್ದದ್ದಕ್ಕೆ ನನ್ನ ಭೀಸಿ ಮುರಿಸಿದೆ.
ಇದನ್ನು ಚಿಕ್ಕಮ್ಮನಿಗೆ ಹೇಳಿಲ್ಲ.
ಆಪರೇಷನ್ನು ಮೂರು ತಾಸು.
ಚೀಟಿಯಲ್ಲಿ ಅದರ ಮುಂದೆ ಸೊನ್ನೆ ಬರೆದಿತ್ತು.

ಈಗ ಮತ್ತೆ ಕಲ್ಯಾಣ ಲೋಕಲ್ಲು.
ಡಬ್ಬಿ ಬದಲಿಸುವುದಿಲ್ಲ, ಹತ್ತಿದ್ದರಲ್ಲೇ ಕೂಗುತ್ತಾಳೆ,
ಮಳೆ ಬರುವುದನ್ನು ತೊಡೆ ಒಂದು ದಿನ ಮೊದಲೇ ಹೇಳುತ್ತದೆ.

ಸಿಎಸ್‌ಎಂಟಿಯ ಬಾಗಿಲಲ್ಲಿ ಲೋಹ ಹುಡುಕುವ ಕಮಾನು.
ಅದು ಊಟದ ಡಬ್ಬಿಗೂ ಕೂಗುತ್ತದೆ, ಕೀಲಿಗೊಂಚಲಿಗೂ,
ಕೆಲವು ಸಲ ಯಾರೂ ಇಲ್ಲದಾಗಲೂ.
ಪೊಲೀಸಮ್ಮ ಮೊಬೈಲಿನಿಂದ ತಲೆ ಎತ್ತುವುದಿಲ್ಲ.
ಚಿಕ್ಕಮ್ಮ ಬೇಕೆಂದೇ ನಡುಗಮಾನಿನಲ್ಲಿ ನಿಲ್ಲುತ್ತಾಳೆ,
ಬುಟ್ಟಿ ಸೊಂಟಕ್ಕೆ, ಸರಳಿನ ಕಾಲು ಮುಂದೆ.
ಹಿಂದಿನವರು ನೂಕುತ್ತಾರೆ.
ಹದಿನೈದು ಸಾವಿರದ್ದು ಹಾಕ್ಕೊಂಡು ಅಡ್ಡಾಡ್ತೀನಿ,
ಒಬ್ಬರರೆ ತಡದು ಕೇಳಬಾರದೇನೋ, ಅನ್ನುತ್ತಾಳೆ ನನ್ನತ್ತ ತಿರುಗಿ.
ಕಮಾನು ಕೂಗುತ್ತಲೇ ಇರುತ್ತದೆ.